ಹಿಡಿಸೂಡಿಗೆ ಮುನ್ನ ಒಂದು ಬಾಲ್ದಿ ನೀರು



ಮಳೆ ಹಿಂದೆ ಸರಿದು ಬಿಸಿಲು ಕಣ್ಣು ಬಿಟ್ಟಿತೆಂದರೆ ನಮ್ಮ ಕಡೆ ಮನೆ ಮನೆಯಲ್ಲೂ ಅಟ್ಟ ಗುಡಿಸುವ ಕೆಲಸ. ನಾಲ್ಕು ತಿಂಗಳ ಥಂಡಿಗೆ ಬೂಷ್ಟು ಹಿಡಿದ ಮಣೆ, ಮರಿಗೆ, ಹಳೆಯ ಭರಣಿ ಎಲ್ಲವೂ ಅಂಗಳಕ್ಕೆ ಇಳಿಯುತ್ತವೆ. ಈ ಸಲದ ಪುಟಕ್ಕೆ ನವರಾತ್ರಿಯ ಸಿಹಿ ಏನಾದರೂ ಬರೆಯೋಣ ಎಂದಿದ್ದೆ. ಅಷ್ಟರಲ್ಲಿ ಒಂದು ಪತ್ರ ಬಂತು. ಅದನ್ನು ಓದಿದ ಮೇಲೆ ಸಿಹಿ ಮುಂದಿನ ಸಲ ಆಗಲಿ ಅಂತ ಅನ್ನಿಸಿತು.

ಪತ್ರ ಬರೆದವರು ನಮ್ಮ ಹಾಗೇ ಒಬ್ಬ ಗೃಹಿಣಿ. ಹೆಸರು, ಊರು ಬೇಡ. ಅವರ ಮಗನಿಗೆ ಕಿಡ್ನಿ ಬದಲಿಸಿ ಎಂಟು ತಿಂಗಳಾಗಿದೆ. ಮನೆಗೆ ಕಳುಹಿಸುವಾಗ ವೈದ್ಯರು ಮಾತ್ರೆಗಳ ವಿವರ ಹೇಳಿ, ಕಡೆಯಲ್ಲಿ ‘ಪಾರಿವಾಳ ಇರುವ ಕಡೆ ಹೋಗಬಾರದು’ ಎಂದೂ ಹೇಳಿದರಂತೆ. ಅತ್ತೆಗೆ ಎಪ್ಪತ್ತೆಂಟು ವರ್ಷ. ಬೆಳಿಗ್ಗೆ ಮಿಂದು, ತುಳಸಿಗೆ ನೀರು ಹಾಕಿ, ಹಿಂದಿನ ಜಗಲಿಯಲ್ಲಿ ಪಾರಿವಾಳಗಳಿಗೆ ಒಂದು ಪಾವು ಅಕ್ಕಿ ಚೆಲ್ಲದೆ ಅವರು ಕಾಫಿ ಮುಟ್ಟುವವರಲ್ಲ. ಗಂಡ ತೀರಿಕೊಂಡ ವರ್ಷದಿಂದ ನಡೆಸಿಕೊಂಡು ಬಂದ ನೇಮ. “ಹಕ್ಕಿಗೆ ಕಾಳು ಹಾಕಿದ್ದರಿಂದ ಯಾರಿಗಾದರೂ ಕೇಡಾದದ್ದುಂಟೇ?” ಎಂದು ಅವರು. “ನನ್ನ ಮಗನಿಗೆ ಏನಾದರೂ ಆದರೆ?” ಎಂದು ಇವರು. ಅತ್ತೆ ಸೊಸೆಯರ ನಡುವೆ ಮಾತು ನಿಂತು ಹದಿನೈದು ದಿನವಾಯಿತಂತೆ. ‘ನೀವೇ ಹೇಳಿ ಅಕ್ಕಾ, ಹಕ್ಕಿಯಿಂದ ಅಂಥದ್ದೇನು ಬರುತ್ತದೆ?’ ಎಂದು ಕೇಳಿದ್ದಾರೆ.

ನಾನು ವೈದ್ಯಳಲ್ಲ. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಪತ್ರ ಬಂದ ಮೇಲೆ ಸಿಕ್ಕಿದ್ದನ್ನು ಓದಿದೆ, ತಿಳಿದವರನ್ನು ಕೇಳಿದೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು: ಇದು ಆ ಒಂದು ಮನೆಯ ಜಗಳವಲ್ಲ, ಅಟ್ಟ ಗುಡಿಸುವ ನಮ್ಮೆಲ್ಲರ ವಿಷಯ.

ನಮ್ಮ ನಾವುಂದದ ಕಡೆಯನ್ನೇ ನೋಡಿ. ನಾನು ಮದುವೆಯಾಗಿ ಬಂದ ಕಾಲಕ್ಕೆ ಪಾರಿವಾಳ ಕಾಣಬೇಕೆಂದರೆ ದೇವಸ್ಥಾನದ ಮಾಡು ನೋಡಬೇಕಿತ್ತು, ಇಲ್ಲವೇ ಅಕ್ಕಿ ಗಿರಣಿಯ ತಗಡಿನ ಕೆಳಗೆ ನೋಡಬೇಕಿತ್ತು. ಈಗ ಹೆದ್ದಾರಿಯ ಅಕ್ಕಪಕ್ಕ ತಾರಸಿ ಮನೆಗಳು ಎದ್ದಿವೆ. ಕಟ್ಟಿಸಿದವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಹೋಟೆಲು ನಡೆಸುತ್ತಾ ಇರುತ್ತಾರೆ. ವರ್ಷಕ್ಕೊಮ್ಮೆ ಹಬ್ಬಕ್ಕೆ, ಜಾತ್ರೆಗೆ ಬಂದರೆ ಬಂದರು. ಉಳಿದ ಹನ್ನೊಂದು ತಿಂಗಳು ಮನೆಯ ಯಜಮಾನಿಕೆ ಪಾರಿವಾಳದ್ದು! ಕಿಟಕಿಯ ಸಜ್ಜಾದಲ್ಲಿ, ನೀರಿನ ಟಾಂಕಿಯ ಅಡಿಯಲ್ಲಿ, ಮೆಟ್ಟಿಲಿನ ಗೂಡಿನಲ್ಲಿ ಬೆರಳುದ್ದ ದಪ್ಪಕ್ಕೆ ಹಿಕ್ಕೆ ಒಣಗಿ ಕೂತಿರುತ್ತದೆ. ಅವರು ಬರುವ ಹಿಂದಿನ ದಿನ ಬೀಗದ ಕೈ ಹಿಡಿದುಕೊಂಡು ಹೋಗಿ ಅದನ್ನು ಗುಡಿಸುವವರು ಯಾರು? ಊರಲ್ಲಿ ಉಳಿದ ಅತ್ತಿಗೆ, ನಾದಿನಿ, ಇಲ್ಲವೇ ಕೆಲಸದ ಹೆಂಗಸು. “ಅದ್ರಗೆ ಎಂತ ಇತ್ತ್ ಅಕ್ಕಾ, ಹಕ್ಕಿ ಹಿಕ್ಕೆ ಅಲ್ದಾ?” ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುಡಿಸಿಯೇ ಬಿಡುತ್ತಾರೆ. ಎದ್ದ ಧೂಳು ಹೋಗುವುದು ನೇರ ಮೂಗಿಗೆ.

ಆ ಧೂಳಿನಲ್ಲಿ ಇರಬಹುದಾದದ್ದು ಒಂದು ಜಾತಿಯ ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ್ದು. ಬೂಷ್ಟು ಎಂದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ, ಅದು ನಮಗೆ ಗೊತ್ತಿರುವುದೇ. ಮೊದಲ ಮಳೆಗೆ ಏಳುವ ಕಲ್ಲಣಬೆ ಆ ಬಳಗದ್ದೇ. ಅದರ ಗಸಿಗೆ ಕಾಯುವವರೆಷ್ಟು ಮಂದಿ! ಬೇಕರಿಯ ಬ್ರೆಡ್ಡು ಉಬ್ಬುವುದು ಅದರಿಂದ. ಆದರೆ ಈ ಬಳಗದಲ್ಲಿ ಕೆಲವು ಮನುಷ್ಯನ ಮೈಯೊಳಗೂ ಬೆಳೆಯಬಲ್ಲವು. ಅಂಥವುಗಳಲ್ಲಿ ಒಂದಕ್ಕೆ ಕ್ರಿಪ್ಟೊಕಾಕಸ್ ಎಂದು ಹೆಸರು. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊಟ್ಟಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರ ಅತಿ ಗಂಭೀರ ಎಂಬ ವರ್ಗದಲ್ಲಿ ಇರುವುದು ನಾಲ್ಕೇ ನಾಲ್ಕು. ಅವುಗಳಲ್ಲಿ ಇದೂ ಒಂದು.

ಇದರ ಕಥೆ ಹಳೆಯದು. 1894ರಲ್ಲಿ ಜರ್ಮನಿಯ ವೈದ್ಯರು ಒಬ್ಬ ಹೆಂಗಸಿನ ಕಾಲಿನ ಮೂಳೆಯ ಹುಣ್ಣಿನಲ್ಲಿ ಇದನ್ನು ಮೊದಲು ಕಂಡರು. ಅದೇ ವರ್ಷ ಇಟಲಿಯಲ್ಲಿ ಒಬ್ಬರಿಗೆ ಪೀಚ್ ಹಣ್ಣಿನ ರಸದಲ್ಲಿ ಸಿಕ್ಕಿತು. ಇದು ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅರವತ್ತು ವರ್ಷ ಒಗಟಾಗಿಯೇ ಇತ್ತು. 1955ರಲ್ಲಿ ಅಮೆರಿಕದ ಚೆಸ್ಟರ್ ಎಮ್ಮನ್ಸ್ ಎಂಬ ವಿಜ್ಞಾನಿ ಪಾರಿವಾಳದ ಗೂಡು, ಹಿಕ್ಕೆಗಳನ್ನು ಪರೀಕ್ಷಿಸಿ ಅಲ್ಲಿ ಇದು ಹೇರಳವಾಗಿದೆ ಎಂದು ತೋರಿಸಿಕೊಟ್ಟರು. ಆಮೇಲೆ ದೇಶ ದೇಶಗಳಲ್ಲಿ ಹುಡುಕಿದವರಿಗೂ ಹೀಗೆಯೇ ಸಿಕ್ಕಿತು. ಗಿಳಿ, ಕೋಳಿ, ಪಂಜರದ ಹಕ್ಕಿಗಳ ಹಿಕ್ಕೆಯಲ್ಲೂ ಇರುವುದುಂಟು, ಆದರೆ ಪಾರಿವಾಳದ ಹಿಕ್ಕೆಯಲ್ಲಿ ಇದಕ್ಕೆ ವಿಶೇಷ ಹಬ್ಬ. ಆ ಹಿಕ್ಕೆಯಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತು ಇದಕ್ಕೆ ಊಟ. ಹೊಸ ಹಿಕ್ಕೆಗಿಂತ ಒಣಗಿ ಪುಡಿಯಾದ ಹಳೆಯ ಹಿಕ್ಕೆಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ ಇದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನಮ್ಮ ಅಟ್ಟಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ ಹೇಳಿ?

ಹಾಗಾದರೆ ಪಾರಿವಾಳಕ್ಕೇ ಯಾಕೆ ರೋಗ ಬರುವುದಿಲ್ಲ? ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ. 41-42 ಡಿಗ್ರಿ, ಅಂದರೆ ನಮ್ಮ ಜ್ವರದ ಕಡ್ಡಿಯಲ್ಲಿ 106-107ರ ಲೆಕ್ಕ. ನಮಗೆ ಅಷ್ಟು ಏರಿದರೆ ಆಸ್ಪತ್ರೆಗೆ ಓಡುತ್ತೇವೆ. ಹಕ್ಕಿಗೆ ಅದು ದಿನದ ಬಾಳು. ಆ ಕಾವಿನಲ್ಲಿ ಈ ಶಿಲೀಂಧ್ರ ಚೆನ್ನಾಗಿ ಬೆಳೆಯಲಾರದು. ಕೊಕ್ಕಿನಲ್ಲಿ, ಕಾಲಿನಲ್ಲಿ, ಹೊಟ್ಟೆಯೊಳಗೆ ಸುಮ್ಮನೆ ಸವಾರಿ ಮಾಡಿಕೊಂಡು ಹೋಗಿ ಇಳಿದಲ್ಲಿ ಸಂಸಾರ ಹೂಡುತ್ತದೆ. ಹಕ್ಕಿ ಅದಕ್ಕೆ ಬಸ್ಸು ಇದ್ದ ಹಾಗೆ. ಬಸ್ಸಿಗೆ ಏನೂ ಆಗುವುದಿಲ್ಲ.

ಹಕ್ಕಿಗಳು ಎಷ್ಟು ಹೊರಬಲ್ಲವು ಎಂಬುದಕ್ಕೆ ಒಂದು ಲೆಕ್ಕ ಓದಿ ನನಗೆ ಆಶ್ಚರ್ಯವಾಯಿತು. ಇಪ್ಪತ್ತನೇ ಶತಮಾನದ ಮೊದಲಿಗೆ ಅಮೆರಿಕದ ಚೆಸ್ಟ್‌ನಟ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದು ಕಾಡಿಗೆ ಕಾಡೇ ಒಣಗಿತು. 1914ರಲ್ಲಿ ಇಬ್ಬರು ವಿಜ್ಞಾನಿಗಳು ರೋಗದ ಮರ ಕುಕ್ಕುತ್ತಿದ್ದ ಮರಕುಟಿಗಗಳ ಮೈ ತೊಳೆದು, ಆ ನೀರಿನಲ್ಲಿದ್ದ ಶಿಲೀಂಧ್ರದ ಬೀಜಾಣುಗಳನ್ನು ಎಣಿಸಿದರು. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಒಂದೇ ಮರಕುಟಿಗದ ಮೇಲೆ 7,57,074 ಬೀಜಾಣು! (ನಮ್ಮ ಅಡಿಕೆಯ ಕೊಳೆರೋಗಕ್ಕೆ ಮಾತ್ರ ಹಕ್ಕಿಯ ಉಪಕಾರ ಬೇಡ. ಆಷಾಢದ ಮಳೆ ಗಾಳಿಯೇ ಸಾಕು.)

ಹಾಗೆಂದು ಎಲ್ಲದಕ್ಕೂ ಹಕ್ಕಿಯನ್ನೇ ಕಟಕಟೆಗೆ ಎಳೆಯುವುದೂ ಸರಿಯಲ್ಲ. ಘಟ್ಟದ ಮೇಲಿನ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡಾಗ, ಅದರ ವೈರಸ್ಸು ರಷ್ಯಾ ಕಡೆಯ ಒಂದು ಕಾಯಿಲೆಯ ವೈರಸ್ಸಿಗೆ ಹತ್ತಿರದ್ದು ಎಂದು ತಿಳಿದು, ವಲಸೆ ಹಕ್ಕಿಗಳು ಹೊತ್ತು ತಂದವೇನೋ ಎಂದು ಅನುಮಾನಪಟ್ಟಿದ್ದರು. ಸಾಲಿಂ ಅಲಿಯವರ ಮುಂದಾಳತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾವಿರಾರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಪರೀಕ್ಷಿಸಿ ಬಿಟ್ಟರು. ಮಂಗನ ಕಾಯಿಲೆ ನಮಗೆ ಅಂಟುವುದು ಉಣುಗು ಕಚ್ಚಿ ಎಂಬುದು ಈಗ ಕಾಡಂಚಿನ ಮಕ್ಕಳಿಗೂ ಗೊತ್ತು. ಆದರೆ ಆ ಅನುಮಾನದ ದೆಸೆಯಿಂದ ನಮ್ಮ ದೇಶದ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬ ಜ್ಞಾನ ಎಷ್ಟೋ ಬೆಳೆಯಿತು. ಅನುಮಾನವೂ ಕೆಲವೊಮ್ಮೆ ಒಳ್ಳೆಯದೇ ಮಾಡುತ್ತದೆ.

ಈಗ ಅಂಥದೇ ಇನ್ನೊಂದು ಅನುಮಾನ ಕಡಲಹಕ್ಕಿಗಳ ಮೇಲೆ ಇದೆ. ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರವನ್ನು 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಲ್ಲಿ ಮೊದಲು ಗುರುತಿಸಿದರು. ಔಷಧಿಗೆ ಬಗ್ಗದ, ಆಸ್ಪತ್ರೆಗಳಲ್ಲಿ ಹರಡುವ ಹಟಮಾರಿ ಇದು. 2021ರಲ್ಲಿ ದೆಹಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಅನುರಾಧಾ ಚೌಧರಿ ಮತ್ತು ಅವರ ಸಂಗಡಿಗರು ಅಂಡಮಾನ್ ದ್ವೀಪದ ಕಡಲತೀರದ ಮರಳಿನಲ್ಲಿ, ಉಪ್ಪುನೀರಿನ ಜೌಗಿನಲ್ಲಿ ಇದನ್ನು ಪತ್ತೆ ಮಾಡಿದರು. ಹೆಣ್ಣುಮಗಳೊಬ್ಬಳ ಕೈಯಿಂದ ಇಷ್ಟು ದೊಡ್ಡ ಪತ್ತೆ ಆಯಿತು ಎನ್ನುವಾಗ ನನಗೆ ಸಂತೋಷ. ಈ ಶಿಲೀಂಧ್ರ ಹಕ್ಕಿಯ ಮೈಕಾವನ್ನೂ ತಾಳಿಕೊಂಡು ಬೆಳೆಯುತ್ತದೆ. ಆದ್ದರಿಂದ ಕಡಲಹಕ್ಕಿಗಳು ಇದನ್ನು ದೂರ ದೂರಕ್ಕೆ ಸಾಗಿಸಿರಬಹುದು ಎಂಬುದು ಕೆಲವು ವಿಜ್ಞಾನಿಗಳ ಊಹೆ. ಊಹೆಯಷ್ಟೇ, ಸಾಬೀತಾದದ್ದಲ್ಲ. ಚಳಿಗಾಲದಲ್ಲಿ ಮರವಂತೆಯ ಮರಳಿನ ಮೇಲೆ ಸಾಲಾಗಿ ಕೂರುವ ಬಿಳಿ ಕಡಲಕ್ಕಿಗಳನ್ನು ಮಕ್ಕಳಿಗೆ ತೋರಿಸುವುದನ್ನು ಇದಕ್ಕಾಗಿ ನಿಲ್ಲಿಸಬೇಕಿಲ್ಲ. ಮರಳಿನಲ್ಲಿ ಆಡಿ ಬಂದ ಮಕ್ಕಳ ಕೈಕಾಲು ತೊಳೆಸಿ, ಸಾಕು.

ಪಾರಿವಾಳದ ಮಾತಿಗೆ ಮರಳೋಣ. ಕ್ರಿಪ್ಟೊಕಾಕಸ್ ಮೈಯೊಳಗೆ ಹೋಗುವುದು ಉಸಿರಿನ ದಾರಿಯಿಂದ. ಒಣಗಿದಾಗ ಅದರ ಕಣ ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಹೆದರಬೇಡಿ! ಆರೋಗ್ಯವಂತರ ಮೈ ಇದನ್ನು ಅಲ್ಲಿಯೇ ಅದುಮಿಬಿಡುತ್ತದೆ. ನಮ್ಮಲ್ಲಿ ಎಷ್ಟೋ ಜನ ಎಂದೋ ಇದನ್ನು ಉಸಿರಾಡಿರುತ್ತೇವೆ, ನಮಗೆ ಗೊತ್ತೇ ಆಗಿರುವುದಿಲ್ಲ. ಅತ್ತೆಯವರು ‘ಯಾರಿಗಾದರೂ ಕೇಡಾದದ್ದುಂಟೇ’ ಎಂದು ಕೇಳುವುದು ಅವರ ಅನುಭವದ ಮಟ್ಟಿಗೆ ಸರಿಯೇ.

ಆದರೆ ಮೈಯ ಕಾವಲು ಕಡಿಮೆಯಾದವರ ಕಥೆ ಬೇರೆ. ಕಿಡ್ನಿ ಬದಲಿಸಿದವರಿಗೆ ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲಿ ಎಂದು ಕಾವಲನ್ನು ತಗ್ಗಿಸುವ ಮಾತ್ರೆ ಜೀವನಪೂರ್ತಿ ಕೊಡುತ್ತಾರೆ. ಕಾವಲು ತಗ್ಗಿದ ಮನೆಗೆ ಕಳ್ಳ ನುಗ್ಗುವುದು ಸುಲಭ. ಎಚ್‌ಐವಿ ಇರುವವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಗಂಟುನೋವಿಗೋ ಉಬ್ಬಸಕ್ಕೋ ಬಹಳ ಕಾಲದಿಂದ ಸ್ಟಿರಾಯ್ಡ್ ಮಾತ್ರೆ ನುಂಗುವವರು, ಇವರೂ ಅದೇ ಸಾಲಿನವರು. 2021ರಲ್ಲಿ ಕೊರೋನಾ ಹಿಂದೆಯೇ ಬಂದ ‘ಕಪ್ಪು ಶಿಲೀಂಧ್ರ’ ನೆನಪಿದೆಯಲ್ಲ? ಅದು ಬೇರೆಯೇ ಜಾತಿ, ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದು ಹಿಡಿದದ್ದೂ ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟಿರಾಯ್ಡ್ ತೆಗೆದುಕೊಂಡವರನ್ನು. ಈ ಶಿಲೀಂಧ್ರಗಳೆಲ್ಲ ಗಟ್ಟಿ ಬಾಗಿಲು ಒಡೆಯುವವಲ್ಲ, ತೆರೆದ ಬಾಗಿಲು ಹುಡುಕುವಂಥವು.

ಅಂಥವರಲ್ಲಿ ಇದು ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿನ ಪೊರೆಗೆ ಏರುತ್ತದೆ. ಬೆಂಗಳೂರಿನ ನಿಮ್ಹಾನ್ಸಿಗೆ ಇಂಥ ರೋಗಿಗಳು ಬರುವುದು ಇಂದು ನಿನ್ನೆಯದಲ್ಲ. ದಕ್ಷಿಣ ಭಾರತದ ರೋಗಿಗಳ ವಿವರಗಳನ್ನು ಸೇರಿಸಿ ಅಲ್ಲಿನವರು 1996ರಷ್ಟು ಹಿಂದೆಯೇ ಪ್ರಬಂಧ ಬರೆದಿದ್ದಾರೆ. ಇದನ್ನು ಕಂಡುಹಿಡಿಯುವ ಒಂದು ಹಳೆಯ ಕ್ರಮ ಕೇಳಿದರೆ ನಿಮಗೆ ಮೋಜೆನಿಸೀತು. ಬೆನ್ನುಹುರಿಯ ನೀರಿನ ಒಂದು ಹನಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಶಿಲೀಂಧ್ರ ತನ್ನ ಸುತ್ತ ಒಂದು ಲೋಳೆಯ ಕೋಟು ತೊಟ್ಟಿರುತ್ತದೆ, ಅದರೊಳಗೆ ಶಾಯಿ ಇಳಿಯದು. ಕತ್ತಲ ರಾತ್ರಿಯಲ್ಲಿ ಚಂದ್ರನಿಗೆ ಕೊಡೆ ಕಟ್ಟಿದ ಹಾಗೆ ಬೆಳ್ಳಗೆ ಕಾಣಿಸುತ್ತದಂತೆ.

ಇನ್ನೊಂದು ಕ್ರಮವಂತೂ ನಮ್ಮ ಅಡಿಗೆಮನೆಯದೇ! 1962ರಲ್ಲಿ ಜರ್ಮನಿಯ ಸ್ಟೈಬ್ ಎಂಬವರು, ಪಂಜರದ ಹಕ್ಕಿಗಳಿಗೆ ಹಾಕುವ ಒಂದು ಕಾಳಿನ ಸಾರದ ಮೇಲೆ ಬೆಳೆಸಿದರೆ ಈ ಶಿಲೀಂಧ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇದರಂತೆ ಕಾಣುವ ಬೇರೆ ಜಾತಿಯವು ಬೆಳ್ಳಗೇ ಉಳಿಯುತ್ತವೆ ಎಂದು ಕಂಡುಕೊಂಡರು. ಆ ಕಾಳು ಯಾವುದು ಗೊತ್ತೇ? ನಮ್ಮ ಹುಚ್ಚೆಳ್ಳು, ಉತ್ತರ ಕರ್ನಾಟಕದವರು ಗುರೆಳ್ಳು ಎನ್ನುತ್ತಾರಲ್ಲ, ಅದು. ಪ್ರಯೋಗಶಾಲೆಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಕರಾವಳಿಯವರಿಗೆ ಹುಚ್ಚೆಳ್ಳಿನ ರೂಢಿ ಕಡಿಮೆ. ಧಾರವಾಡದ ಕಡೆಯ ಗೆಳತಿಯೊಬ್ಬಳಿಂದ ನಾನು ಕಲಿತದ್ದು ಹೀಗೆ: ಒಂದು ಬಟ್ಟಲು ಹುಚ್ಚೆಳ್ಳನ್ನು ಕಲ್ಲು ಮಣ್ಣು ತೆಗೆದು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಎಂಟು ಬ್ಯಾಡಗಿ ಮೆಣಸನ್ನು ಬೇರೆಯಾಗಿ ಹುರಿದು, ಹತ್ತು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆಹುಳಿ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ. ಕುಚ್ಚಲಕ್ಕಿ ಗಂಜಿಗೂ ಚೆನ್ನಾಗಿಯೇ ಹೊಂದುತ್ತದೆ, ತೆಂಗಿನೆಣ್ಣೆ ಒಂದು ಹನಿ ಬಿದ್ದರೆ ಇನ್ನೂ ಒಳ್ಳೆಯದು.

ಮದ್ದು ಇಲ್ಲದ ಕಾಯಿಲೆ ಇದಲ್ಲ. ಬೇಗ ಗೊತ್ತಾದರೆ ಆಂಫೊಟೆರಿಸಿನ್, ಫ್ಲೂಕೊನಜೋಲ್ ಮುಂತಾದ ಔಷಧಿಗಳಿವೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು ಅಷ್ಟೇ. ಶಿಲೀಂಧ್ರದ ಔಷಧಿಗಳ ಮಾತು ಬಂದಾಗ ಇಬ್ಬರು ಹೆಂಗಸರನ್ನು ನೆನೆಯದೆ ಮುಂದೆ ಹೋಗಲಾರೆ. ಮನುಷ್ಯರಿಗೆ ಕೊಡಬಹುದಾದ ಮೊದಲ ಒಳ್ಳೆಯ ಶಿಲೀಂಧ್ರ ಔಷಧಿ ನಿಸ್ಟಾಟಿನ್. ಅದನ್ನು 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಕಂಡುಹಿಡಿದರು. ಒಬ್ಬರಿದ್ದದ್ದು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಉಪ್ಪಿನಕಾಯಿ ತುಂಬಿಸುವಂಥ ಗಾಜಿನ ಜಾಡಿಯಲ್ಲಿ ಮಾದರಿಗಳನ್ನಿಟ್ಟು ಅಂಚೆಯಲ್ಲಿ ಕಳುಹಿಸಿಕೊಳ್ಳುತ್ತಾ ಕೆಲಸ ಮಾಡಿದರು. ಮದ್ದು ಸಿಕ್ಕಿದ್ದು ವರ್ಜೀನಿಯಾದಲ್ಲಿ ಸ್ನೇಹಿತರ ಹೊಲದಿಂದ ತಂದ ಹಿಡಿ ಮಣ್ಣಿನಲ್ಲಿ. ಬಂದ ಗೌರವಧನ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮಿಕ್ಕಿತ್ತು. ಒಂದು ಕಾಸೂ ಇಟ್ಟುಕೊಳ್ಳದೆ ಅಷ್ಟನ್ನೂ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು. ಕೂಸಿನ ಬಾಯಲ್ಲಿ ಮೊಸರು ಹಚ್ಚಿದಂತೆ ಬಿಳಿ ಅಗ್ರ ಬಂದಾಗ ವೈದ್ಯರು ಹಾಕುವ ಹನಿ ಎಷ್ಟೋ ಸಲ ಈ ನಿಸ್ಟಾಟಿನ್ನೇ.

ನಮ್ಮೂರಿನವರಿಗೆ ಮುಂಬಯಿ ಪಕ್ಕದ ಮನೆ ಇದ್ದ ಹಾಗೆ. ಆದ್ದರಿಂದ ಅಲ್ಲಿಯ ಗಲಾಟೆಯನ್ನು ನೀವು ಕೇಳಿಯೇ ಇರುತ್ತೀರಿ. ಪಾರಿವಾಳಗಳಿಗೆ ಕಾಳು ಹಾಕಲೆಂದೇ ಅಲ್ಲಿ ಐವತ್ತಕ್ಕೂ ಹೆಚ್ಚು ಕಬೂತರ್‌ಖಾನೆಗಳಿದ್ದವು. 2025ರ ಜುಲೈಯಲ್ಲಿ ಅವನ್ನು ಮುಚ್ಚುವ ಮಾತು ಬಂತು. ಬಾಂಬೆ ಹೈಕೋರ್ಟು ಜನರ ಆರೋಗ್ಯ ಮುಖ್ಯ ಎಂದಿತು. ಆಗಸ್ಟಿನಲ್ಲಿ ನಗರಪಾಲಿಕೆಯವರು ದಾದರಿನ ಪ್ರಸಿದ್ಧ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿದರು, ಹಕ್ಕಿಗೆ ಕಾಳು ಹಾಕುವುದು ಧರ್ಮವೆಂದು ನಂಬಿದವರು ಬಂದು ಅದನ್ನು ಹರಿದುಹಾಕಿದರು. ವಿಷಯ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಯಿತು. ನನಗೆ ಎರಡೂ ಕಡೆಯವರ ಮೇಲೆ ಕನಿಕರವೇ. ನಮ್ಮ ಪತ್ರದ ಅತ್ತೆ ಸೊಸೆಯರ ಜಗಳವೇ ಅಲ್ಲಿ ಊರಗಲ ಆದದ್ದು.

ಅಲ್ಲಿನ ವೈದ್ಯರು ಹೆಚ್ಚಾಗಿ ಹೇಳಿದ್ದು ಶಿಲೀಂಧ್ರಕ್ಕಿಂತ ಇನ್ನೊಂದು ತೊಂದರೆಯನ್ನು. ಪಾರಿವಾಳದ ಹಿಕ್ಕೆ, ಗರಿಗಳ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಕೆಲವರ ಶ್ವಾಸಕೋಶ ಅದಕ್ಕೆ ಕೆರಳಿ ನಿಧಾನವಾಗಿ ಗಟ್ಟಿಯಾಗುತ್ತದೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಇದಕ್ಕೆ ಮೈಯ ಕಾವಲು ತಗ್ಗಿರಬೇಕೆಂದೂ ಇಲ್ಲ, ಗಟ್ಟಿಮುಟ್ಟಾದವರಿಗೂ ಬರಬಹುದು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯ 1,084 ಭಾರತೀಯ ರೋಗಿಗಳನ್ನು ಲೆಕ್ಕ ಹಾಕಿದ ಒಂದು ವರದಿ 2017ರಲ್ಲಿ ಬಂತು. ಅವರಲ್ಲಿ ನೂರಕ್ಕೆ 47 ಮಂದಿಗೆ ಇದ್ದದ್ದು ಹೀಗೆ ಕೆರಳಿ ಬರುವ ಬಗೆ. ಅದಕ್ಕೆ ಪಾರಿವಾಳವೊಂದೇ ಕಾರಣವೆಂದು ತಿಳಿಯಬೇಡಿ, ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿ ಏರ್ ಕೂಲರಿನ ಗಾಳಿಗೆ ಮೈಯೊಡ್ಡಿದವರು. ದಿನವೂ ಜಗಲಿಯಲ್ಲಿ ಪಾರಿವಾಳಗಳ ನಡುವೆ ನಿಲ್ಲುವ ಅತ್ತೆಯವರಿಗೆ ಒಣಕೆಮ್ಮು ಇದೆಯೇ ಎಂದು ಪತ್ರದ ಸೋದರಿ ಒಮ್ಮೆ ಗಮನಿಸಲಿ. ಮಾತು ಬಿಟ್ಟಿದ್ದರೂ ಕೆಮ್ಮು ಕೇಳಿಸುತ್ತದಲ್ಲ.

ಇನ್ನು ಗುಡಿಸುವ ಮಾತು. ಇಡೀ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಇದೇ. ಒಣ ಹಿಕ್ಕೆಗೆ ಹಿಡಿಸೂಡಿ ಮುಟ್ಟಿಸಲೇಬಾರದು. ಮೊದಲು ಒಂದು ಬಾಲ್ದಿ ಸೋಪಿನ ನೀರು. ಜೋರಾಗಿ ಎರಚಿದರೂ ಧೂಳು ಏಳುತ್ತದೆ, ಅದಕ್ಕೆ ಚೆಂಬಿನಿಂದ ಮೆಲ್ಲಗೆ ಹೊಯ್ಯಿರಿ, ಇಲ್ಲವೇ ಗಿಡಕ್ಕೆ ಹೊಡೆಯುವ ಸ್ಪ್ರೇ ಡಬ್ಬಿಯಿಂದ ನೆನೆಸಿ. ಅರ್ಧ ಗಂಟೆ ಬಿಟ್ಟು ಹಾಳೆಯ ತುಂಡಿನಿಂದಲೋ ಹಳೆಯ ತಗಡಿನಿಂದಲೋ ಕೆರೆದು, ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗುಂಡಿ ತೋಡಿ ಹೂಳಿ. ಮಲ್ಲಿಗೆ ಬುಡಕ್ಕೆ ಗೊಬ್ಬರವಾಗಲಿ ಎಂದು ಒಣಗಿಸಿ ಪುಡಿ ಮಾಡುವ ಆಸೆ ಬೇಡ. ಕೊರೋನಾ ಕಾಲದ ಎನ್-95 ಮಾಸ್ಕು ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದಕ್ಕೊಂದು ಉಪಯೋಗ ಬಂತು. ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಇಷ್ಟು ಸಣ್ಣ ಕಣ ತಡೆಯುವುದಿಲ್ಲ. ಕೈಗೆ ಗವಸು, ಕಾಲಿಗೆ ಚಪ್ಪಲಿ ಇರಲಿ. ಎಲ್ಲ ತೆಗೆದಾದ ಮೇಲೆ ಬೇಕಾದರೆ ಬ್ಲೀಚಿಂಗ್ ನೀರಿನಲ್ಲಿ ನೆಲ ತೊಳೆಯಿರಿ. ಹಿಕ್ಕೆಯ ಮೇಲೆಯೇ ಬ್ಲೀಚಿಂಗ್ ಸುರಿಯಬೇಡಿ, ಕಕ್ಕಸಿಗೆ ಹಾಕುವ ಆಸಿಡ್ಡನ್ನು ಅದಕ್ಕೆ ಬೆರೆಸಲೇಬೇಡಿ. ಏಳುವ ಹೊಗೆ ಕಣ್ಣು, ಗಂಟಲು ಎರಡನ್ನೂ ಸುಡುತ್ತದೆ. ಕೆಲಸ ಮುಗಿಸಿ ಬಟ್ಟೆ ನೆನೆಹಾಕಿ ಮಿಂದು ಒಳಗೆ ಬನ್ನಿ.

ಕೆಲಸದವಳಿಂದ ಮಾಡಿಸುವುದಾದರೆ ಮಾಸ್ಕು, ನೀರು ಅವಳಿಗೂ ಕೊಡಬೇಕು. ಅವಳ ಶ್ವಾಸಕೋಶ ಬೇರೆ ಮಣ್ಣಿನದಲ್ಲ. ಬೀಗ ಹಾಕಿದ ಮನೆಯಾದರೆ ಬಾಗಿಲು ಕಿಟಕಿಗಳನ್ನು ಹಿಂದಿನ ದಿನವೇ ತೆರೆದಿಡಿ.

ಹಪ್ಪಳ, ಸಂಡಿಗೆ ಒಣಗಿಸುವಾಗ ಮೇಲೊಂದು ತೆಳು ಬಟ್ಟೆ ಹೊದಿಸಿ. ಹಿಕ್ಕೆ ಬಿದ್ದದ್ದನ್ನು ಒರೆಸಿ ಉಳಿಸಿಕೊಳ್ಳುವ ಲೋಭ ಬೇಡ. ಬಾವಿಗೂ ಟಾಂಕಿಗೂ ಮುಚ್ಚಳ ಬೇಕು. ಈ ಶಿಲೀಂಧ್ರ ಕುಡಿದ ನೀರಿನಿಂದ ಬರುವಂಥದ್ದಲ್ಲ, ಆದರೆ ಹಿಕ್ಕೆಯಲ್ಲಿ ಭೇದಿ ತರುವ ಬೇರೆ ಕ್ರಿಮಿಗಳೂ ಇರುತ್ತವೆ. ಕೋಳಿಗೂಡನ್ನೂ ಒದ್ದೆ ಮಾಡಿಯೇ ಗುಡಿಸಿ.

ಮನೆಯಲ್ಲಿ ಮೈ ಕಾವಲು ತಗ್ಗಿದವರಿದ್ದರೆ ಈ ಕೆಲಸ ನಡೆಯುವಾಗ ಅವರು ಬೇರೆ ಮನೆಯಲ್ಲಿರಲಿ. ಅವರಿಗೆ ಒಂದೆರಡು ವಾರ ಬಿಡದ ತಲೆನೋವು, ಸಣ್ಣ ಜ್ವರ, ವಾಂತಿ, ಕಣ್ಣು ಮಂಜು, ಕುತ್ತಿಗೆ ಬಿಗಿತ, ಮಾತಿನಲ್ಲಿ ಗಲಿಬಿಲಿ ಕಂಡರೆ ಅಮೃತಾಂಜನ ಹಚ್ಚುತ್ತಾ ಕಾಯಬಾರದು. ಈ ಕಾಯಿಲೆ ಸಿಡಿಲಿನಂತೆ ಬರುವುದಿಲ್ಲ, ಕಳ್ಳಹೆಜ್ಜೆಯಲ್ಲಿ ಬರುತ್ತದೆ. ‘ಪಿತ್ತದ ತಲೆನೋವು’ ಎಂದು ದಿನ ಕಳೆದರೆ ಪ್ರಾಣಕ್ಕೇ ಸಂಚಕಾರ. ವೈದ್ಯರ ಹತ್ತಿರ ಹೋದಾಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನೂ, ಮನೆಯ ಸುತ್ತ ಪಾರಿವಾಳ ಇರುವುದನ್ನೂ ನೀವಾಗಿಯೇ ಹೇಳಿ. ಹೆದರಿ ಕಿಡ್ನಿಯ ಮಾತ್ರೆಯನ್ನೋ ಸ್ಟಿರಾಯ್ಡನ್ನೋ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ.

ಪತ್ರದ ಸೋದರಿಗೆ ನನ್ನ ಉತ್ತರ ಇಷ್ಟು. ವೈದ್ಯರ ಮಾತು ಮೀರುವಂತಿಲ್ಲ. ಜಗಲಿಯಲ್ಲಿ ಕಾಳು ಹಾಕುವುದು ನಿಲ್ಲಲೇಬೇಕು. ಆದರೆ ಅದನ್ನು ಅತ್ತೆಯವರಿಗೆ ಅಪ್ಪಣೆಯಂತೆ ಹೇಳಬೇಡಿ. ಮೊಮ್ಮಗನೇ ಅಜ್ಜಿಯ ಹತ್ತಿರ ಕೂತು ತನ್ನ ಮಾತ್ರೆಗಳನ್ನು ಒಂದೊಂದಾಗಿ ತೋರಿಸಿ ಹೇಳಲಿ. ಎಪ್ಪತ್ತೆಂಟು ವರ್ಷ ಬಾಳಿದವರಿಗೆ ಮೊಮ್ಮಗನಿಗಿಂತ ಪಾರಿವಾಳ ಹೆಚ್ಚಲ್ಲ. ಅವರಿಗೆ ಬೇಡವೆನ್ನಿಸುವುದು ತನ್ನ ನೇಮವನ್ನು ಮೂಢನಂಬಿಕೆ ಎನ್ನುವುದು. ನೇಮ ಬಿಡಬೇಕಿಲ್ಲ, ಹಕ್ಕಿ ಬದಲಾದರೆ ಆಯಿತು. ಮನೆಯಿಂದ ದೂರ, ತೋಟದಲ್ಲಿ ಬಿಸಿಲು ಬೀಳುವ ಕಡೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರು ಇಡಲಿ, ದಿನಾ ಚೆಲ್ಲಿ ತೊಳೆದು ಹೊಸ ನೀರು. ಪಪ್ಪಾಯಿಯದೋ ಬಾಳೆಹಣ್ಣಿನದೋ ಒಂದು ಹೋಳು ಮರಕ್ಕೆ ಸಿಕ್ಕಿಸಿದರೆ ಪಿಕಳಾರ, ಕೋಗಿಲೆ ಬರುತ್ತವೆ. ಅವು ತಿಂದು ಹಾರಿಹೋಗುವ ಜಾತಿ, ಪಾರಿವಾಳದ ಹಾಗೆ ಸಜ್ಜಾದಲ್ಲಿ ಬಿಡಾರ ಹೂಡುವವಲ್ಲ. ಅಕ್ಕಿ ಮಾತ್ರ ಚೆಲ್ಲಬಾರದು. ಅಕ್ಕಿ ಕಂಡಲ್ಲಿ ಪಾರಿವಾಳ ತಪ್ಪದು.

ಜಗಲಿಗೆ, ಅಟ್ಟದ ಬಾಯಿಗೆ ಬಲೆ ಕಟ್ಟಿಸಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಬರವೇ? ಗಂಗೊಳ್ಳಿಯಲ್ಲೋ ಮರವಂತೆಯಲ್ಲೋ ವಿಚಾರಿಸಿದರೆ ಮೀನುಗಾರರ ಹಳೆಯ ದಪ್ಪ ನೂಲಿನ ಬಲೆ ಸಿಕ್ಕೀತು. ಜೋಲು ಬಿಟ್ಟರೆ ಹಕ್ಕಿಯ ಕಾಲು ಸಿಕ್ಕಿಕೊಂಡು ಸಾಯುತ್ತದೆ, ಬಿಗಿಯಾಗಿ ಎಳೆದು ಕಟ್ಟಿಸಿ. ಕಟ್ಟುವ ಮೊದಲು ಒಳಗೆ ಗೂಡಿದೆಯೇ ನೋಡಿ. ಮೊಟ್ಟೆ, ಮರಿ ಇದ್ದರೆ ಕಿತ್ತೆಸೆಯುವ ಪಾಪ ಬೇಡ, ಅತ್ತೆಯವರ ಮನಸ್ಸೂ ನೋಯುತ್ತದೆ. ಮೊಟ್ಟೆ ಒಡೆಯಲು ಹದಿನೆಂಟು ದಿನ, ಮರಿ ರೆಕ್ಕೆ ಬಲಿತು ಹಾರಲು ಮತ್ತೊಂದು ತಿಂಗಳು. ಅಷ್ಟು ದಿನ ಆ ಕಡೆಯ ಬಾಗಿಲು ಮುಚ್ಚಿಟ್ಟು, ಮಗ ಮುಂದಿನ ಕೋಣೆಯಲ್ಲೇ ಇರಲಿ. ಮರಿ ಹಾರಿದ ದಿನವೇ ನೆನೆಸಿ ತೆಗೆದು, ಸಂಜೆಯೊಳಗೆ ಬಲೆ ಕಟ್ಟಿಬಿಡಿ. ಒಂದು ವಾರ ತಡ ಮಾಡಿದಿರೋ, ತಾಯಿ ಪಾರಿವಾಳ ಮತ್ತೆರಡು ಮೊಟ್ಟೆ ಇಟ್ಟು ಕೂತಿರುತ್ತದೆ.